ಸದ್ದಿಲ್ಲದೆ ದುಡಿಯುವ ಕಿಡ್ನಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಪ್ಪನಿಗೆ ನಾಲ್ಕು ವರ್ಷ ಡಯಾಲಿಸಿಸ್, ಅಂದರೆ ಸೋತ ಕಿಡ್ನಿಯ ಬದಲು ರಕ್ತ ಸೋಸುವ ಚಿಕಿತ್ಸೆ, ಆಯಿತು. ವಾರಕ್ಕೆ ಮೂರು ದಿನ ಅವರನ್ನು ಒಳಗೆ ಕಳಿಸಿ ನಾನು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಆ ಬೆಂಚಿನಲ್ಲಿ ಪಕ್ಕದವರು ಕೇಳಿದ ಪ್ರಶ್ನೆಗಳು, ನಾನೇ ಡಾಕ್ಟರ್ ಹತ್ತಿರ ಕೇಳಿದವು, ಈಗಲೂ ನೆಂಟರು ಫೋನ್ ಮಾಡಿ ಕೇಳುವವು, ಎಲ್ಲ ಇಲ್ಲಿವೆ. ಇದು ತಿಳಿವಳಿಕೆಗೆ ಮಾತ್ರ. ನಿಮ್ಮ ರಿಪೋರ್ಟ್ ನೋಡಿ ಔಷಧಿ ಹೇಳಬೇಕಾದವರು ನಿಮ್ಮ ಡಾಕ್ಟರೇ.

ಕಿಡ್ನಿ ಎಲ್ಲಿರುತ್ತದೆ? ಸೊಂಟ ನೋವು ಬಂದರೆ ಅದು ಕಿಡ್ನಿ ನೋವೇ?

ಬೆನ್ನುಮೂಳೆಯ ಎರಡೂ ಪಕ್ಕ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಇರುತ್ತವೆ. ಒಂದೊಂದೂ ಹೆಚ್ಚು ಕಡಿಮೆ ನಮ್ಮ ಮುಷ್ಟಿಯಷ್ಟು. ಉದ್ದ 10ರಿಂದ 12 ಸೆಂ.ಮೀ., ತೂಕ ಸುಮಾರು 150 ಗ್ರಾಂ. ಬಲಗಡೆ ಮೇಲೆ ಲಿವರ್ ಕೂತಿರುವುದರಿಂದ ಬಲಗಡೆಯದು ಸ್ವಲ್ಪ ಕೆಳಗೆ.

ಬಗ್ಗಿದರೆ, ಭಾರ ಎತ್ತಿದರೆ ಜಾಸ್ತಿಯಾಗುವ ಸೊಂಟ ನೋವು ಸಾಮಾನ್ಯವಾಗಿ ಸ್ನಾಯು ಅಥವಾ ಬೆನ್ನುಮೂಳೆಯದು. ಕಲ್ಲು ಸಿಕ್ಕಿಕೊಂಡರೆ ಅಥವಾ ಸೋಂಕು ತಗುಲಿದರೆ ಕಿಡ್ನಿ ನೋಯುತ್ತದೆ, ಅದೂ ಚೆನ್ನಾಗಿಯೇ ನೋಯುತ್ತದೆ. ಆದರೆ ಸಕ್ಕರೆ ಕಾಯಿಲೆ, ಬಿಪಿಯಿಂದ ನಿಧಾನವಾಗಿ ಹಾಳಾಗುವ ಕಿಡ್ನಿ ಒಂದಿಷ್ಟೂ ನೋಯುವುದಿಲ್ಲ. ಅಪ್ಪನಿಗೆ ಒಂದು ದಿನವೂ ನೋವಿರಲಿಲ್ಲ. ಅದಕ್ಕೇ ನಮಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಒಳಗೆ ಅದು ಏನು ಮಾಡುತ್ತದೆ? ಬರೀ ಸೋಸುವುದಾ?

ಸೋಸುವುದು ಅರ್ಧ ಕೆಲಸ. ಸೋಸಿದ್ದರಲ್ಲಿ ಬೇಕಾದದ್ದನ್ನು ವಾಪಸ್ ಎತ್ತಿಕೊಳ್ಳುವುದು ಇನ್ನರ್ಧ. ನನ್ನನ್ನು ಬೆರಗುಗೊಳಿಸಿದ್ದು ಈ ಎರಡನೆಯ ಕೆಲಸ.

ಹೃದಯ ಹೊರಗೆ ದಬ್ಬುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗೇ ಹೋಗುತ್ತದೆ. ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 1 ಲೀಟರ್. ಪ್ರತಿ ಕಿಡ್ನಿಯಲ್ಲಿ ನೆಫ್ರಾನ್ ಎಂಬ ಸುಮಾರು 10 ಲಕ್ಷ ಸಣ್ಣ ಸೋಸುವ ಘಟಕಗಳಿವೆ. ಒಂದೊಂದು ನೆಫ್ರಾನ್‌ನ ತುದಿಯಲ್ಲೂ ದಾರದುಂಡೆಯಂತೆ ಸುತ್ತಿಕೊಂಡ ಸಣ್ಣ ರಕ್ತನಾಳಗಳ ಗಂಟು, ಅದರ ಹಿಂದೆ ಉದ್ದನೆಯ ಸುರುಳಿ ಕೊಳವೆ. ರಕ್ತ ಆ ಗಂಟಿಗೆ ಬಂದಾಗ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲ ಸೋಸಿ ಕೆಳಗಿಳಿಯುತ್ತವೆ. ರಕ್ತಕಣಗಳು, ದೊಡ್ಡ ಪ್ರೋಟೀನ್‌ಗಳು ಮೇಲೇ ಉಳಿಯುತ್ತವೆ. ರಾಗಿ ಹಿಟ್ಟನ್ನು ಜರಡಿ ಹಿಡಿದ ಹಾಗೆ.

ಹೀಗೆ ದಿನಕ್ಕೆ ಸೋಸಿ ಬರುವುದು ಸುಮಾರು 180 ಲೀಟರ್. ನಾವು ಹೊರಗೆ ಬಿಡುವುದು ಒಂದೂವರೆ, ಎರಡು ಲೀಟರ್. ಉಳಿದದ್ದೆಲ್ಲ ಎಲ್ಲಿ ಹೋಯಿತು? ಆ ಸುರುಳಿ ಕೊಳವೆ ವಾಪಸ್ ಎಳೆದುಕೊಂಡಿತು. ಸಕ್ಕರೆಯನ್ನು ಪೂರ್ತಿ ಎತ್ತಿಟ್ಟುಕೊಂಡಿತು. ಉಪ್ಪನ್ನು ಬೇಕಾದಷ್ಟು ಇಟ್ಟುಕೊಂಡಿತು. ಲಿವರ್ ತಯಾರಿಸಿ ಕಳಿಸಿದ ಯೂರಿಯಾ, ಸ್ನಾಯುಗಳಿಂದ ಬಂದ ಕ್ರಿಯಾಟಿನಿನ್ ಎಂಬ ಕಸ, ಹೆಚ್ಚಾದ ಪೊಟ್ಯಾಸಿಯಂ, ಆಮ್ಲ ಇವನ್ನು ಮಾತ್ರ ಮುಂದೆ ತಳ್ಳಿತು. ಬಿಸಿಲಲ್ಲಿ ನಡೆದು ಬೆವರಿದ ದಿನ ಮೂತ್ರ ಕಡಿಮೆ, ಬಣ್ಣ ಗಾಢ. ಮಳೆಗಾಲದಲ್ಲಿ ಎರಡು ಕಪ್ ಕಾಫಿ ಕುಡಿದು ಮನೆಯಲ್ಲೇ ಕೂತರೆ ಗಂಟೆಗೊಮ್ಮೆ ಬಚ್ಚಲು. ಮೆದುಳಿನಿಂದ ಬರುವ ಒಂದು ಹಾರ್ಮೋನ್ ‘ನೀರು ಉಳಿಸು’ ಎನ್ನುತ್ತದೆ, ಕಿಡ್ನಿ ಹಾಗೇ ಮಾಡುತ್ತದೆ.

ಆಮೇಲಿನ ದಾರಿ ಸರಳ. ಪ್ರತಿ ಕಿಡ್ನಿಯಿಂದ 25–30 ಸೆಂ.ಮೀ. ಉದ್ದದ ಮೂತ್ರನಾಳ ಕೆಳಗಿಳಿಯುತ್ತದೆ. ಅದು ಹನಿ ಹನಿಯಾಗಿ ಮೂತ್ರಕೋಶಕ್ಕೆ ತಳ್ಳುತ್ತದೆ. ಮೂತ್ರಕೋಶ ಬಲೂನಿನಂತೆ ಹಿಗ್ಗುತ್ತದೆ, 400–500 ಮಿ.ಲೀ. ಹಿಡಿಯುತ್ತದೆ. ಅರ್ಧ ತುಂಬುವ ಹೊತ್ತಿಗೇ ‘ಹೋಗಬೇಕು’ ಅನ್ನಿಸಲು ಶುರು.

ಇನ್ನೇನಾದರೂ ಕೆಲಸ ಇದೆಯಾ?

ಮೂರಿವೆ. ಬಿಪಿ ಹತೋಟಿಯಲ್ಲಿಡಲು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಮೂಳೆಮಜ್ಜೆಗೆ ‘ರಕ್ತ ತಯಾರಿಸು’ ಎಂದು ಹೇಳುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ತಯಾರಿಸುತ್ತದೆ. ವಿಟಮಿನ್ ಡಿಯನ್ನು ದೇಹ ಬಳಸುವ ರೂಪಕ್ಕೆ ತರುತ್ತದೆ. ಕಿಡ್ನಿ ಸೋತವರಿಗೆ ರಕ್ತಹೀನತೆ, ಮೂಳೆ ನೋವು, ಬಿಪಿ ಮೂರೂ ಒಟ್ಟಿಗೆ ಯಾಕೆ ಬರುತ್ತವೆ ಎಂದು ನಾನು ತುಂಬಾ ದಿನ ಯೋಚಿಸಿದ್ದೆ. ಉತ್ತರ ಇದೇ.

ಮೂತ್ರ ಚೆನ್ನಾಗಿ ಹೋಗುತ್ತಿದೆ. ಹಾಗಾದರೆ ಕಿಡ್ನಿ ಸರಿಯಾಗಿದೆ ಅಂತ ಅಲ್ವಾ?

ಬೆಂಚಿನ ಮೇಲೆ ಅತಿ ಹೆಚ್ಚು ಕೇಳಿದ ಮಾತು ಇದು. ದಯವಿಟ್ಟು ಇದನ್ನು ನಂಬಿ ಕೂರಬೇಡಿ. ಎಷ್ಟು ಹೋಗುತ್ತಿದೆ ಎನ್ನುವುದು ಒಂದು, ಅದರಲ್ಲಿ ಏನು ಹೋಗುತ್ತಿದೆ ಎನ್ನುವುದು ಬೇರೆ. ಸೋಲುತ್ತಿರುವ ಕಿಡ್ನಿಗೆ ನೀರು ವಾಪಸ್ ಎಳೆದುಕೊಳ್ಳುವ ಶಕ್ತಿ ಮೊದಲು ಕುಗ್ಗುತ್ತದೆ. ಆಗ ನೀರಿನಂಥ ಮೂತ್ರ ಧಾರಾಳವಾಗಿ ಹೋಗುತ್ತದೆ, ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ. ಕಸ ಮಾತ್ರ ರಕ್ತದಲ್ಲೇ ಉಳಿಯುತ್ತದೆ. ಅಪ್ಪ ‘ನನ್ನ ಕಿಡ್ನಿ ಗಟ್ಟಿಯಾಗಿದೆ, ನೋಡು ಎಷ್ಟು ಸಲ ಹೋಗ್ತೀನಿ’ ಎನ್ನುತ್ತಿದ್ದರು.

ಹಾಗಾದರೆ ಗೊತ್ತು ಮಾಡಿಕೊಳ್ಳುವುದು ಹೇಗೆ?

ಎರಡು ಪರೀಕ್ಷೆ ಸಾಕು. ಎರಡೂ ದುಬಾರಿ ಅಲ್ಲ.

ಒಂದು, ಮೂತ್ರದಲ್ಲಿ ಅಲ್ಬುಮಿನ್. ಜರಡಿ ತೂತಾದರೆ ಮೊದಲು ಸೋರುವುದು ಈ ಪ್ರೋಟೀನ್. ಲ್ಯಾಬ್‌ನಲ್ಲಿ ಒಂದು ಕಾಗದದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ತೆಗೆಯುತ್ತಾರೆ. ಅದರ ಮೇಲಿನ ಹಳದಿ ಚೌಕ ನೋಡನೋಡುತ್ತಲೇ ಹಸಿರಾಗುತ್ತದೆ. ಅಪ್ಪನ ಪಟ್ಟಿ ಕಡು ಹಸಿರಾಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಇನ್ನೂ ಮೊದಲೇ ಹಿಡಿಯಬೇಕೆಂದರೆ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಎಂಬ ಪರೀಕ್ಷೆ ಇದೆ. ಅದು 30ಕ್ಕಿಂತ (mg/g) ಕಡಿಮೆ ಇರಬೇಕು.

ಎರಡು, ರಕ್ತದಲ್ಲಿ ಕ್ರಿಯಾಟಿನಿನ್. ಆದರೆ ಈ ಸಂಖ್ಯೆಯನ್ನು ಒಂಟಿಯಾಗಿ ನೋಡಿ ಸಮಾಧಾನ ಪಡಬೇಡಿ. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವುದರಿಂದ ವಯಸ್ಸು, ಗಂಡು ಹೆಣ್ಣು ಎಲ್ಲ ಲೆಕ್ಕಕ್ಕೆ ಬರುತ್ತವೆ. ಇಬ್ಬರಿಗೂ 1.2 ಬಂದಿದೆ ಎಂದುಕೊಳ್ಳಿ. 25 ವರ್ಷದ ಹುಡುಗನಲ್ಲಿ ಅದರ ಅರ್ಥ ಕಿಡ್ನಿ ನಿಮಿಷಕ್ಕೆ ಸುಮಾರು 85 ಮಿ.ಲೀ. ಸೋಸುತ್ತಿದೆ ಎಂದು. 70 ವರ್ಷದ ಅಜ್ಜಿಯಲ್ಲಿ ಅದೇ 1.2ರ ಅರ್ಥ 50ಕ್ಕಿಂತ ಕೆಳಗೆ ಎಂದು! ಈ ಲೆಕ್ಕಕ್ಕೆ ಇಜಿಎಫ್‌ಆರ್ ಎನ್ನುತ್ತಾರೆ. ರಿಪೋರ್ಟ್‌ನಲ್ಲಿ ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಅದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ. 15ಕ್ಕಿಂತ ಕೆಳಗಿಳಿದರೆ ಕಿಡ್ನಿ ಸೋತಿದೆ ಎಂದು ಲೆಕ್ಕ.

ಸಕ್ಕರೆ ಕಾಯಿಲೆ, ಬಿಪಿ ಇದ್ದವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದವರು ವರ್ಷಕ್ಕೊಮ್ಮೆ ಇವೆರಡನ್ನೂ ಮಾಡಿಸಲೇಬೇಕು.

ಬಿಪಿ, ಶುಗರ್ ಮಾತ್ರೆ ವರ್ಷಗಟ್ಟಲೆ ತಿಂದರೆ ಕಿಡ್ನಿ ಹಾಳಾಗುತ್ತದಂತೆ, ನಿಜವೇ?

ನಿಜ ಇದರ ತಿರುವುಮುರುವು. ಕಿಡ್ನಿ ಹಾಳು ಮಾಡುವುದು ಹತೋಟಿ ತಪ್ಪಿದ ಬಿಪಿ, ಶುಗರ್. ಆ ಗಂಟುಗಟ್ಟಿದ ಸಣ್ಣ ರಕ್ತನಾಳಗಳು ವರ್ಷಾನುಗಟ್ಟಲೆ ಒತ್ತಡ, ಸಕ್ಕರೆ ತಡೆದುಕೊಂಡು ಗಟ್ಟಿಯಾಗಿ ಮುಚ್ಚಿಹೋಗುತ್ತವೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳು ಆ ಒತ್ತಡ ಇಳಿಸಿ ಕಿಡ್ನಿಯನ್ನು ಕಾಯುತ್ತವೆ. ಡಾಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಯೂ ಹಾಗೇ.

ಒಂದು ಎಚ್ಚರಿಕೆ ಇದೆ. ವಾಂತಿ ಭೇದಿ ಆಗಿ ದೇಹದಲ್ಲಿ ನೀರು ಕಡಿಮೆಯಾದ ದಿನ ಇವುಗಳಲ್ಲಿ ಕೆಲವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ನೋವಿನ ಮಾತ್ರೆ?

ಇಲ್ಲಿ ಹೆದರಿ. ಅಪ್ಪನಿಗೆ ಮಂಡಿ ನೋವಿತ್ತು. ಶುಗರ್ ಹನ್ನೆರಡು ವರ್ಷದ್ದು. ಊರಿನ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಮಾತ್ರೆ ಸಿಗುತ್ತಿತ್ತು, ಬೆಳಿಗ್ಗೆ ಒಂದು, ರಾತ್ರಿ ಒಂದು. ಅವರ ಶರ್ಟಿನ ಜೇಬಿನಲ್ಲಿ ಬಸ್ ಟಿಕೆಟ್ ಜೊತೆ ಯಾವಾಗಲೂ ಆ ಬೆಳ್ಳಿ ಬಣ್ಣದ ಪಟ್ಟಿ ಇರುತ್ತಿತ್ತು. ಅದರಲ್ಲಿದ್ದದ್ದು ಡೈಕ್ಲೋಫೆನಾಕ್.

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಈ ಗುಂಪಿನವು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಆರೋಗ್ಯವಂತರು ಡಾಕ್ಟರ್ ಹೇಳಿದಂತೆ ಎರಡು ಮೂರು ದಿನ ತೆಗೆದುಕೊಂಡರೆ ಸಾಮಾನ್ಯವಾಗಿ ತೊಂದರೆ ಇಲ್ಲ. ವಯಸ್ಸಾದವರು, ಶುಗರ್, ಬಿಪಿ ಇದ್ದವರು, ಬಿಸಿಲಲ್ಲಿ ದುಡಿದು ನೀರು ಕುಡಿಯದವರು ತಿಂಗಳುಗಟ್ಟಲೆ ನುಂಗಿದರೆ ಕಥೆ ಬೇರೆ. ಸರಿಯಾದ ಪ್ರಮಾಣದ ಪ್ಯಾರಸಿಟಮಾಲ್ ಕಿಡ್ನಿಯ ಮಟ್ಟಿಗೆ ಇವುಗಳಿಗಿಂತ ಸುರಕ್ಷಿತ.

ದಿನಕ್ಕೆ ಎಷ್ಟು ನೀರು ಕುಡಿಯಬೇಕು?

ಎಲ್ಲರಿಗೂ ಒಂದೇ ಅಳತೆ ಇಲ್ಲ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಗಾರೆ ಕೆಲಸ ಮಾಡುವವರಿಗೂ ಬೆಂಗಳೂರಿನ ಎಸಿ ಆಫೀಸಿನವರಿಗೂ ಒಂದೇ ಲೆಕ್ಕ ಹೇಗೆ ಆಗುತ್ತದೆ? ಬಾಯಾರಿಕೆ ಕೇಳಿ, ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸಾಕು. ಬೆಳಿಗ್ಗೆ ಎದ್ದಾಗ ಗಾಢವಾಗಿರುವುದು ಸಹಜ. ಕಲ್ಲು ಬಂದವರು ಮಾತ್ರ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು. ಕಿಡ್ನಿ ಅಥವಾ ಹೃದಯ ಸೋತವರಿಗೆ ಡಾಕ್ಟರ್ ಹೇಳಿದ್ದೇ ಅಳತೆ. ಜಾಸ್ತಿ ನೀರು ಕುಡಿದರೆ ಹಾಳಾದ ಕಿಡ್ನಿ ಸರಿಹೋಗುತ್ತದೆ ಎನ್ನುವುದು ಸುಳ್ಳು.

ಮೂತ್ರದ ಬಣ್ಣ ಬದಲಾದರೆ?

ಬೀಟ್‌ರೂಟ್ ತಿಂದರೆ ಕೆಂಪು, ಬಿ ಕಾಂಪ್ಲೆಕ್ಸ್ ನುಂಗಿದರೆ ಗಾಢ ಹಳದಿ, ಕ್ಷಯದ ರಿಫಾಂಪಿಸಿನ್ ಮಾತ್ರೆಗೆ ಕಿತ್ತಳೆ. ಇವಕ್ಕೆ ಹೆದರಬೇಕಾಗಿಲ್ಲ. ಏನೂ ಕಾರಣವಿಲ್ಲದೆ ಕೆಂಪಾದರೆ, ನೋವಿಲ್ಲದಿದ್ದರೂ, ಒಂದೇ ಸಲ ಆಗಿ ನಿಂತರೂ ತೋರಿಸಿ. ಮೂತ್ರಕೋಶದ ಕ್ಯಾನ್ಸರ್ ಹೀಗೆ ಶುರುವಾಗುವುದುಂಟು, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ. ನೊರೆ ಬಂದು ಹೊತ್ತಾದರೂ ಇಳಿಯದಿದ್ದರೆ ಅಲ್ಬುಮಿನ್ ಪರೀಕ್ಷೆ ಮಾಡಿಸಿ.

ಉರಿಮೂತ್ರ ಪದೇ ಪದೇ ಬರುತ್ತದೆ. ‘ಉಷ್ಣ’ ಅಂತ ಸುಮ್ಮನಿರಬಹುದಾ?

ಒಂದು ದಿನ ನೀರು ಕಡಿಮೆ ಕುಡಿದು ಉರಿ ಬಂದರೆ ನೀರು, ಮಜ್ಜಿಗೆ ಕುಡಿದಾಗ ಇಳಿಯುತ್ತದೆ. ಇಳಿಯದೆ ಪದೇ ಪದೇ ಹೋಗಬೇಕೆನಿಸಿದರೆ, ವಾಸನೆ ಬಂದರೆ, ಕೆಳಹೊಟ್ಟೆ ನೋವಿದ್ದರೆ ಅದು ಸೋಂಕು. ಕರುಳಿನಲ್ಲಿರುವ ಇ-ಕೋಲಿ ಎಂಬ ಬ್ಯಾಕ್ಟೀರಿಯಾ ಮೂತ್ರದ ದಾರಿಗೆ ಹತ್ತುವುದರಿಂದ ಸಾಮಾನ್ಯವಾಗಿ ಹೀಗಾಗುತ್ತದೆ. ಹೆಂಗಸರಲ್ಲಿ ಆ ದಾರಿ 4 ಸೆಂ.ಮೀ. ಮಾತ್ರ, ಗಂಡಸರಲ್ಲಿ 18–20. ಅದಕ್ಕೇ ಹೆಂಗಸರಿಗೆ ಇದು ಜಾಸ್ತಿ.

ಇನ್ನೊಂದು ಕಾರಣ ನಮ್ಮ ಬಸ್ ನಿಲ್ದಾಣ, ಶಾಲೆಗಳ ಶೌಚಾಲಯ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಸ್ ಹತ್ತುವ ಮುಂಚೆ ನಮ್ಮ ಅತ್ತಿಗೆ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ದಾರಿಯಲ್ಲಿ ಹೋಗಲು ಜಾಗ ಸಿಗುವುದಿಲ್ಲ ಎಂಬ ಭಯ. ಎಷ್ಟೋ ಹುಡುಗಿಯರು ಶಾಲೆಯಲ್ಲಿ ಇಡೀ ದಿನ ಕಟ್ಟಿಕೊಂಡು ಕೂರುತ್ತಾರೆ. ಇದನ್ನು ಅವರ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಚೊಕ್ಕ ಶೌಚಾಲಯ ಕೇಳಬೇಕಾದವರು ನಾವೆಲ್ಲ.

ಚಳಿಜ್ವರ, ಪಕ್ಕೆ ನೋವು, ವಾಂತಿ ಜೊತೆಗೂಡಿದರೆ ಸೋಂಕು ಕಿಡ್ನಿಗೆ ಏರಿದೆ ಎಂದರ್ಥ. ಗರ್ಭಿಣಿಯರು, ಗಂಡಸರು, ಮಕ್ಕಳು ಯಾವ ಉರಿಮೂತ್ರವನ್ನೂ ಕಡೆಗಣಿಸಬಾರದು. ಆ್ಯಂಟಿಬಯಾಟಿಕ್ ಕೊಟ್ಟರೆ ಪೂರ್ತಿ ಮುಗಿಸಿ.

ಕಿಡ್ನಿ ಕಲ್ಲಿಗೆ ಬಾಳೆದಿಂಡು, ಹುರುಳಿ ಸಾರು ಕೆಲಸ ಮಾಡುತ್ತದಾ?

ನಮ್ಮ ಮನೆಯಲ್ಲೂ ಬಾಳೆದಿಂಡಿನ ಪಲ್ಯ, ಹುರುಳಿ ಕಟ್ಟಿನ ಸಾರು ಇಷ್ಟ. ತಿನ್ನಿ, ತೊಂದರೆ ಇಲ್ಲ. ದೊಡ್ಡ ಕಲ್ಲನ್ನು ಕರಗಿಸುತ್ತದೆ ಎಂದು ನಂಬಿ ಕಾಯಬೇಡಿ, ಅಷ್ಟೇ. 5 ಮಿ.ಮೀ.ಗಿಂತ ಚಿಕ್ಕ ಕಲ್ಲು ಬಹುಪಾಲು ತಾನಾಗಿಯೇ ಬಿದ್ದುಹೋಗುತ್ತದೆ. ಆಗ ಏನು ಕುಡಿದಿದ್ದೆವೋ ಅದಕ್ಕೆ ಕೀರ್ತಿ. 10 ಮಿ.ಮೀ. ದಾಟಿದ್ದು ತಾನಾಗಿ ಬೀಳುವುದು ಅಪರೂಪ. ಬಿಯರ್ ಕುಡಿದರೆ ಕಲ್ಲು ಜಾರುತ್ತದೆ ಎನ್ನುವುದಂತೂ ನೆಪ.

ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಇದನ್ನು ಕೇಳಿದ ಕೂಡಲೇ ಜನ ಹಾಲು, ರಾಗಿ ಬಿಡುತ್ತಾರೆ. ಬಿಡಬೇಡಿ. ಊಟದ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಉಪ್ಪು, ಸಕ್ಕರೆ ಹಾಕದ ನಿಂಬೆ ನೀರು ಒಳ್ಳೆಯದು, ಅದರ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ.

ಕಲ್ಲಿನ ಜೊತೆ ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು: ಕಲ್ಲು ತೆಗೆದಾಗ ಒಳಗೆ ಡಿಜೆ ಸ್ಟೆಂಟ್ ಎಂಬ ತೆಳು ಕೊಳವೆ ಇಟ್ಟಿರುತ್ತಾರೆ. ಹೇಳಿದ ದಿನ ಅದನ್ನು ತೆಗೆಸಲೇಬೇಕು. ನೋವು ಹೋಯಿತು ಎಂದು ಮರೆತರೆ ಅದರ ಮೇಲೇ ಕಲ್ಲು ಕಟ್ಟಿ ಕಿಡ್ನಿ ಹೋಗುತ್ತದೆ. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ.

ಕಿಡ್ನಿ ಇದ್ದಕ್ಕಿದ್ದಂತೆ ನಿಲ್ಲುವುದೂ ಇದೆಯಾ?

ಇದೆ. ಜೋರು ವಾಂತಿ ಭೇದಿ, ರಕ್ತಸ್ರಾವದ ಜೊತೆಗೆ ನಮ್ಮ ಕಡೆ ಇನ್ನೆರಡು ಕಾರಣಗಳಿವೆ. ಒಂದು ಇಲಿ ಜ್ವರ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಗದ್ದೆ ತೋಟಗಳಲ್ಲಿ ಕಾಲಿನ ಗಾಯದ ಮೂಲಕ ಇಲಿಯ ಮೂತ್ರ ಬೆರೆತ ನೀರು ಒಳಹೊಕ್ಕರೆ ಬರುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ಆಮೇಲೆ ಮೂತ್ರ ಕಡಿಮೆ. ಇನ್ನೊಂದು ಕೊಳಕು ಮಂಡಲ ಹಾವಿನ ಕಡಿತ. ಇದರ ವಿಷ ರಕ್ತವನ್ನೂ ಕಿಡ್ನಿಯನ್ನೂ ಕೆಡಿಸುತ್ತದೆ. ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ನೇರ ಆಸ್ಪತ್ರೆಗೆ, ಆ್ಯಂಟಿವೆನಮ್ ಇರುವ ಕಡೆಗೆ. ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಹೀಗೆ ನಿಂತ ಕಿಡ್ನಿ ಎಷ್ಟೋ ಸಲ ಮತ್ತೆ ಚೇತರಿಸಿಕೊಳ್ಳುತ್ತದೆ.

ನಾಟಿ ಔಷಧಿ ಕೊಡಿಸೋಣವೇ?

ಏನು ಹಾಕಿದ್ದಾರೆಂದು ಗೊತ್ತಿಲ್ಲದ ಪುಡಿ, ಭಸ್ಮ ಬೇಡ. ಕೆಲವದರಲ್ಲಿ ಪಾದರಸ, ಸೀಸ ಇರುತ್ತದೆ. ಹಾವು ಕಡಿತಕ್ಕೆಂದು ಹಳ್ಳಿಗಳಲ್ಲಿ ಕೊಡುವ ಈಶ್ವರಿ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಕಿಡ್ನಿಯನ್ನೇ ಹಾಳು ಮಾಡುತ್ತದೆ, ಕ್ಯಾನ್ಸರ್ ತರುತ್ತದೆ. ಕಿಡ್ನಿ ಕಾಯಿಲೆ ಇದ್ದವರು ಕಮರಾಕ್ಷಿ ಹಣ್ಣು, ಅದರ ಜ್ಯೂಸ್ ಬಾಯಿಗೇ ಇಡಬಾರದು. ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು.

ವಯಸ್ಸಾದ ಮೇಲೆ ಮೂತ್ರದ ತೊಂದರೆ ಸಹಜವೇ?

ಸಾಮಾನ್ಯ ಹೌದು, ಸಹಿಸಿಕೊಂಡು ಕೂರಬೇಕಾಗಿಲ್ಲ. 50 ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ದಾರಿ ಒತ್ತುತ್ತದೆ. ಧಾರೆ ಸಣ್ಣಗಾಗುತ್ತದೆ, ಮುಗಿದ ಮೇಲೂ ಹನಿ ಬೀಳುತ್ತದೆ. ಮಾತ್ರೆಗಳಿವೆ. ಪೂರ್ತಿ ಕಟ್ಟಿಕೊಂಡರೆ ಕೂಡಲೇ ಆಸ್ಪತ್ರೆಗೆ. ಶೀತಕ್ಕೆ ಅಂಗಡಿಯಲ್ಲಿ ಕೊಳ್ಳುವ ಕೆಲವು ಮಾತ್ರೆಗಳಿಂದಲೂ ಹೀಗೆ ಕಟ್ಟಿಕೊಳ್ಳುತ್ತದೆ.

ಹೆಂಗಸರಿಗೆ ಹೆರಿಗೆಯ ನಂತರ ಕೆಮ್ಮಿದಾಗ, ನಕ್ಕಾಗ ಸೋರುತ್ತದೆ. ನಾಚಿಕೆಯಿಂದ ಮದುವೆ ಮನೆಗೂ ಹೋಗದವರನ್ನು ನೋಡಿದ್ದೇನೆ. ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮವನ್ನು ಮೂರು ತಿಂಗಳು ಬಿಡದೆ ಮಾಡಿದರೆ ತುಂಬಾ ಜನರಿಗೆ ಗುಣ ಕಾಣುತ್ತದೆ. ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ.

ಡಯಾಲಿಸಿಸ್ ಅಂದರೆ ಏನಾಗುತ್ತದೆ?

ಕೈಯಲ್ಲಿ ಒಂದು ಅಪಧಮನಿಯನ್ನು ಅಭಿಧಮನಿಗೆ ಜೋಡಿಸುತ್ತಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅಪ್ಪನ ಮುಂಗೈ ಮೇಲೆ ಬೆರಳಿಟ್ಟರೆ ಒಳಗೆ ಜೇನುಗೂಡು ಗುಂಯ್‌ಗುಟ್ಟಿದ ಹಾಗೆ ಅದುರುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ನೋಡುವುದೇ ನಮ್ಮ ಮೊದಲ ಕೆಲಸ. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು. ಅಲ್ಲಿಂದ ರಕ್ತ ಯಂತ್ರಕ್ಕೆ ಹೋಗಿ, ಸೋಸಿಕೊಂಡು ವಾಪಸ್ ಬರುತ್ತದೆ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ. ಹೊಟ್ಟೆಯೊಳಗಿನ ಪೊರೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ವಿಧಾನವೂ ಇದೆ.

ಬಳಕೆಗೆ ಬರುವಂತೆ ಈ ಯಂತ್ರವನ್ನು ಮೊದಲು ಮಾಡಿದವರು ನೆದರ್ಲೆಂಡ್ಸ್‌ನ ವಿಲೆಮ್ ಕೋಲ್ಫ್, 1943ರಲ್ಲಿ, ಯುದ್ಧದ ನಡುವೆ, ಸಾಸೇಜ್ ಸುತ್ತುವ ಸೆಲ್ಲೋಫೇನ್ ಕೊಳವೆ ಬಳಸಿ. ನಮ್ಮಲ್ಲಿ 2016ರಿಂದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವಿದೆ. ಬಡ ಕುಟುಂಬದವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಕಸಿ ಮಾಡಿದರೆ ಹಳೆ ಕಿಡ್ನಿ ತೆಗೆಯುತ್ತಾರಾ?

ಸಾಮಾನ್ಯವಾಗಿ ಇಲ್ಲ. ಹೊಸದನ್ನು ಕೆಳಹೊಟ್ಟೆಯ ಪಕ್ಕದಲ್ಲಿ ಕೂರಿಸುತ್ತಾರೆ, ಹಳೆಯವು ತಮ್ಮ ಜಾಗದಲ್ಲೇ ಇರುತ್ತವೆ. 1954ರಲ್ಲಿ ಬೋಸ್ಟನ್‌ನಲ್ಲಿ ಅವಳಿ ಅಣ್ಣತಮ್ಮಂದಿರ ನಡುವೆ ಮೊದಲ ಯಶಸ್ವಿ ಕಸಿ ನಡೆಯಿತು. ಭಾರತದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ. ಪರೀಕ್ಷೆ ಮಾಡಿ ಆರಿಸಿದ ದಾನಿ ಒಂದೇ ಕಿಡ್ನಿಯಲ್ಲಿ ಚೆನ್ನಾಗಿ ಬದುಕಬಹುದು. ದುಡ್ಡಿಗೆ ಕೊಡುವುದು ಕೊಳ್ಳುವುದು 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಅಪರಾಧ. ಮಿದುಳು ಸತ್ತವರಿಂದ ಬರುವ ಕಿಡ್ನಿಗೆ ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಇರಬೇಕು. ಆಸ್ಪತ್ರೆಯವರೇ ಸೇರಿಸುತ್ತಾರೆ.

ಡಯಾಲಿಸಿಸ್‌ನಲ್ಲಿರುವವರನ್ನು ನೋಡಲು ಹೋಗುವಾಗ ಏನು ಒಯ್ಯಬೇಕು?

ಎಳನೀರು, ಬಾಳೆಹಣ್ಣು ಒಯ್ಯಬೇಡಿ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. ಪ್ರೀತಿಯಿಂದ ತಂದ ಎಳನೀರನ್ನು ಬೇಡ ಎನ್ನುವುದು ಅಪ್ಪನಿಗೆ ಕಷ್ಟವಾಗುತ್ತಿತ್ತು. ನಾವು ಬೆಳಿಗ್ಗೆ ಒಂದು ಬಾಟಲಿಯಲ್ಲಿ 750 ಮಿ.ಲೀ. ನೀರು ತುಂಬಿಡುತ್ತಿದ್ದೆವು. ಕಾಫಿ, ಸಾರು, ಮಜ್ಜಿಗೆ ಏನು ಕುಡಿದರೂ ಅಷ್ಟು ನೀರನ್ನು ಅದರಿಂದ ಚೆಲ್ಲಬೇಕು. ಸಂಜೆ ನಾಲ್ಕಕ್ಕೆ ಬಾಟಲಿಯ ತಳ ಕಂಡರೆ ಅವರು ಅದನ್ನೇ ನೋಡುತ್ತಾ ಕೂರುತ್ತಿದ್ದರು. ಅಂಥವರ ಎದುರು ಕೂತು ಲೋಟಗಟ್ಟಲೆ ಜ್ಯೂಸ್ ಕುಡಿಯಬೇಡಿ.

ಒಂದೆರಡು ಸೇಬು ಒಯ್ಯಿರಿ, ಅದೂ ಮನೆಯವರನ್ನು ಕೇಳಿ. ಆಗುವುದಾದರೆ ಒಂದು ದಿನ ನೀವೇ ಅವರ ಜೊತೆ ಆಸ್ಪತ್ರೆಗೆ ಹೋಗಿ. ಅಪ್ಪನ ಗೆಳೆಯರೊಬ್ಬರು ತಿಂಗಳಿಗೊಂದು ಗುರುವಾರ ಪೇಪರ್ ಹಿಡಿದು ಬರುತ್ತಿದ್ದರು. ನಾಲ್ಕು ಗಂಟೆ ಪಕ್ಕದಲ್ಲಿ ಕೂತು ಕ್ರಿಕೆಟ್ ಸುದ್ದಿಯಿಂದ ಅಡಿಕೆ ಧಾರಣೆವರೆಗೆ ಓದಿ ಹೇಳುತ್ತಿದ್ದರು. ಆ ಗುರುವಾರ ನಾನು ಮನೆಯಲ್ಲಿ ನಿದ್ದೆ ಮಾಡುತ್ತಿದ್ದೆ.